ಬೈರಾಸಿನ ಅಡಿಯ ಬಟ್ಟೆ

ಆಟಿ ತಿಂಗಳಲ್ಲಿ ಮಳೆ ಅರ್ಧ ಗಂಟೆ ಬಿಡುವು ಕೊಟ್ಟಿತೆಂದರೆ ಬಂಟ್ವಾಳ ಪೇಟೆಯ ಮನೆಗಳ ಹಿತ್ತಿಲಲ್ಲಿ ಒಂದು ಅವಸರದ ಓಡಾಟ ಶುರುವಾಗುತ್ತದೆ. ಮೂರು ದಿನದಿಂದ ಬಚ್ಚಲ ಒಲೆಯ ಮೇಲಿನ ಬಿದಿರಿನಲ್ಲಿ ಹೊಗೆ ಕುಡಿಯುತ್ತಿದ್ದ ಬಟ್ಟೆಗಳೆಲ್ಲ ಅಂಗಳದ ಹಗ್ಗಕ್ಕೆ ಬರುತ್ತವೆ. ಲುಂಗಿ, ನೈಟಿ, ಶಾಲೆಯ ಯೂನಿಫಾರ್ಮು, ಮಗುವಿನ ಫ್ರಾಕು, ಎಲ್ಲವೂ ಧಾರಾಳವಾಗಿ ಕೈಕಾಲು ಚಾಚಿ ಹಗ್ಗದ ಮೇಲೆ ಮಲಗುತ್ತವೆ. ಬೈರಾಸುಗಳು ಮಾತ್ರ ಸ್ವಲ್ಪ ಉಬ್ಬಿಕೊಂಡಿರುತ್ತವೆ. ಒಂದು ಗಾಳಿ ಬೀಸಿದರೆ ಗುಟ್ಟು ರಟ್ಟು. ಪ್ರತಿ ಬೈರಾಸಿನ ಅಡಿಯಲ್ಲಿ ಇನ್ನೊಂದು ಸಣ್ಣ ಬಟ್ಟೆ ಅಡಗಿ ಕುಳಿತಿದೆ. ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಿಸಿಲು ಬೇಕಾದದ್ದು ಆ ಬಟ್ಟೆಗೆ, ಎಲ್ಲಕ್ಕಿಂತ ಕಡಿಮೆ ಬಿಸಿಲು ಸಿಕ್ಕುವುದೂ ಅದಕ್ಕೇ!

ಈ ಬಟ್ಟೆಯನ್ನು ಅಂಗಡಿಯಿಂದ ತರದೆ ಮನೆಯಲ್ಲೇ ಕತ್ತರಿಸಿ ಹೊಲಿಯುವವರು ನಮ್ಮಲ್ಲಿ ಇದ್ದಾರೆ ಎಂದರೆ ಇಂದಿನ ಹುಡುಗಿಯರು ನಗಬಹುದು. ಬಿ.ಸಿ. ರೋಡಿನಿಂದ ಬಂಟ್ವಾಳ ಪೇಟೆಗೆ ಹೋಗುವ ದಾರಿಯಲ್ಲಿ ಅಂಥವರೊಬ್ಬರಿದ್ದಾರೆ. ಎಪ್ಪತ್ತರ ಹತ್ತಿರದ ವಯಸ್ಸು. ನೆರೆಕರೆಯವರಿಗೆಲ್ಲ ಅವರು 'ಹೊಲಿಗೆ ಅಕ್ಕ'. ಬಾಗಿಲಲ್ಲಿ ಬೋರ್ಡು ಇಲ್ಲ. ರವಕೆ ಹೊಲಿಯುತ್ತಾರೆಂದು ಊರಿಗೆಲ್ಲ ಗೊತ್ತು. ಬಾಡಿ, ಒಳಚಡ್ಡಿ, ಪೆಟಿಕೋಟು ಹೊಲಿಯುತ್ತಾರೆಂಬುದು ಬೇಕಾದವರಿಗೆ ಮಾತ್ರ ಗೊತ್ತು. ಅಂಥವರು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಗಂಟೆಗೆ, ಗಂಡಸರು ಇಲ್ಲದ ಹೊತ್ತಿಗೆ ಬರುತ್ತಾರೆ.

ಅಕ್ಕನ ಉಷಾ ಮಿಷನಿಗೆ ಒಂದು ಚರಿತ್ರೆ ಇದೆ. ಅವರ ತಾಯಿ ಬೀಡಿ ಕಟ್ಟಿ ಕೂಡಿಸಿದ ದುಡ್ಡಿನಲ್ಲಿ ಕಂತು ಕಟ್ಟಿ ಕೊಂಡದ್ದು. 1974ರ ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿ ಪೇಟೆಯೊಳಗೆ ಬಂದಾಗ ಆ ತಾಯಿ ಮೊದಲು ಅಟ್ಟಕ್ಕೆ ಏರಿಸಿದ್ದು ಅಕ್ಕಿ ಮುಡಿಯನ್ನಲ್ಲ, ಮಿಷನಿನ ತಲೆಯನ್ನು. "ಅಕ್ಕಿ ಸಾಲ ಸಿಕ್ಕೀತು, ಮಿಷನು ಸಾಲ ಸಿಕ್ಕುತ್ತದಾ?" ಎಂದಿದ್ದರಂತೆ. ಯಂತ್ರಗಳನ್ನು ಅಷ್ಟು ಸುಲಭಕ್ಕೆ ಒಪ್ಪದ ಗಾಂಧೀಜಿಯವರೂ 1924ರಲ್ಲಿ ಶಾಂತಿನಿಕೇತನದ ವಿದ್ಯಾರ್ಥಿಯೊಬ್ಬರೊಡನೆ ಮಾತಾಡುತ್ತ ಸಿಂಗರನ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ಸೋಲುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದ ಎಂಬ ಕಥೆ ಅವರಿಗೆ ಹಿಡಿಸಿತ್ತು. ಸಿಂಗರ್ ಪೇಟೆಂಟು ಪಡೆದದ್ದು 1851ರಲ್ಲಿ. ಆತನ ಸಂಸಾರದ ನಿಜವಾದ ಕಥೆ ಅಷ್ಟೇನೂ ಮಧುರವಲ್ಲ, ಆ ವಿಷಯ ಇರಲಿ.

ಆ ತಾಯಿಯ ಕಾಲದಲ್ಲಿ ಒಳಬಟ್ಟೆಯೆಂದರೆ ಅಂಗಡಿಯ ವಸ್ತುವೇ ಆಗಿರಲಿಲ್ಲ. ಅಪ್ಪನ ಹಳೆಯ ಮುಂಡು ಅಂಚಿನಲ್ಲಿ ಸವೆದರೆ ನಡುವಿನ ಗಟ್ಟಿ ಭಾಗ ಮಕ್ಕಳ ಪೆಟಿಕೋಟಾಗುತ್ತಿತ್ತು. ಉಳಿದ ತುಂಡು ಗಂಡುಮಕ್ಕಳ ಕೋಮಣಕ್ಕೆ. ಅದಕ್ಕೂ ಆಗದ್ದು ಹೆಂಗಸರ ತಿಂಗಳ ಬಟ್ಟೆಗೆ. ಹುಡುಗಿಗೆ ಹದಿಮೂರು ತುಂಬಿದಾಗ ಪಾಪ್ಲಿನ್ ಬಟ್ಟೆಯ ಬಾಡಿ ಹೊಲಿದು, ಯಾರೂ ಇಲ್ಲದ ಹೊತ್ತು ನೋಡಿ ಕೈಗೆ ಕೊಡುತ್ತಿದ್ದರು. ಅದರ ಬಗ್ಗೆ ಮಾತಿಲ್ಲ. ಗಂಡಸು ಟೈಲರನ ಮುಂದೆ ಟೇಪಿಗೆ ನಿಲ್ಲುವ ಪ್ರಶ್ನೆಯೇ ಇರಲಿಲ್ಲ. ಹಳೆಯ ರವಕೆಯನ್ನು 'ಅಳತೆಗೆ' ಎಂದು ಕಳಿಸುತ್ತಿದ್ದರು. ಹೀಗಾಗಿ ಮೂರು ವರ್ಷ ಹಿಂದಿನ ಮೈಗೆ ಹೊಸ ರವಕೆ ತಯಾರಾಗಿ ಬರುತ್ತಿತ್ತು!

ಆಮೇಲೆ ಪೇಟೆಯಲ್ಲಿ ರಟ್ಟಿನ ಪೆಟ್ಟಿಗೆಯ ಬಾಡಿಗಳು ಬಂದವು. ಕೊಳ್ಳುವವರು ಧ್ವನಿ ತಗ್ಗಿಸಿ "ಮೂವತ್ತನಾಲ್ಕು" ಅನ್ನುವುದು, ಅಂಗಡಿಯವರು ಕಣ್ಣೆತ್ತದೆ ಪೇಪರಿನಲ್ಲಿ ಸುತ್ತಿ ಕೊಡುವುದು. ಮೂವತ್ತನಾಲ್ಕು ಎಂದರೆ ಎಲ್ಲಿಯ ಮೂವತ್ತನಾಲ್ಕು? ಎದೆಯ ಕೆಳಗಿನ ಪಕ್ಕೆಯ ಸುತ್ತಳತೆಯೇ, ಮೇಲಿನ ಸುತ್ತಳತೆಯೇ? ಎರಡರ ನಡುವಿನ ವ್ಯತ್ಯಾಸದಿಂದ ಕಪ್ಪಿನ ಅಳತೆ ಬರುತ್ತದೆ, ಒಂದಿಂಚಾದರೆ ಎ, ಎರಡಾದರೆ ಬಿ, ಮೂರಾದರೆ ಸಿ ಎಂಬ ಸರಳ ಲೆಕ್ಕ ಎಷ್ಟು ಮಂದಿಗೆ ಗೊತ್ತು? ಅಳತೆಗೆ ನಿಲ್ಲಲು ನಾಚಿಕೆ, ಕೇಳಲು ನಾಚಿಕೆ, ಹಾಕಿ ನೋಡುವಂತಿಲ್ಲ, ಒಮ್ಮೆ ತಂದದ್ದನ್ನು ಹಿಂದೆ ಕೊಡುವಂತಿಲ್ಲ. ಹಾಗಾಗಿ ಆಗದ ಬಟ್ಟೆಯನ್ನೇ ಹತ್ತಾರು ವರ್ಷ ತೊಟ್ಟು, ಹೆಗಲಿನಲ್ಲಿ ಪಟ್ಟಿ ಕೊರೆದ ಗೀರನ್ನು 'ಹೆಣ್ಣಾದ ಮೇಲೆ ಇರುವುದೇ' ಎಂದುಕೊಂಡವರು ಬಹಳ.

ಈ ಗೀರಿಗೆ ಕಾರಣ ಎಂಟನೇ ತರಗತಿಯ ಪಾಠದಲ್ಲಿದೆ. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಪಟ್ಟಿ ಸಪುರವಾದಷ್ಟೂ ಕೊರೆತ ಹೆಚ್ಚು. ಭಾರದ ಹೆಚ್ಚಿನ ಪಾಲನ್ನು ಪಕ್ಕೆಯ ಸುತ್ತ ಬರುವ ಅಗಲದ ಪಟ್ಟಿ ಹೊರಬೇಕು, ಹೆಗಲಿನ ಪಟ್ಟಿ ಬರಿಯ ಆಸರೆಗೆ. ಪಕ್ಕೆಯ ಪಟ್ಟಿ ಸಡಿಲವಾಗಿದ್ದರೆ ಅಷ್ಟೂ ಭಾರ ಹೆಗಲಿಗೆ ಬೀಳುತ್ತದೆ. ಅಕ್ಕ ಶಾಲೆ ಕಲಿತದ್ದು ಏಳನೆಯವರೆಗೆ ಮಾತ್ರ. ಆದರೆ ಅಳತೆಗೆ ಬಂದವರನ್ನು ಎರಡು ಸಲ ಅಳೆಯುತ್ತಾರೆ. ಒಮ್ಮೆ ಉಸಿರು ಪೂರ್ತಿ ಬಿಡಿಸಿ, ಇನ್ನೊಮ್ಮೆ ಉಸಿರು ತುಂಬಿಸಿ. "ಉಸಿರು ಬಿಡದವರಿಗೆ ಹೊಲಿಯುವುದಾದರೆ ಒಂದು ಅಳತೆ ಸಾಕು" ಎಂದು ಅವರ ತಮಾಷೆ. ಬೀಡಿ ಕಟ್ಟುವವರಾದರೆ ಮೂರನೇ ಸಲ. ದಿನವಿಡೀ ಮಡಿಲಲ್ಲಿ ಗೆರಸೆ ಇಟ್ಟು ಬಾಗಿ ಕುಳಿತುಕೊಳ್ಳುವವರಿಗೆ ನಿಂತ ಅಳತೆಯ ಬಟ್ಟೆ ಹೊಟ್ಟೆಯ ಮೇಲೆ ಕತ್ತರಿಸುತ್ತದೆ. ಅವರನ್ನು ಚಾಪೆಯ ಮೇಲೆ ಕುಳ್ಳಿರಿಸಿ, ಬಾಗಲು ಹೇಳಿ ಅಳೆಯುತ್ತಾರೆ. ಯಾವ ಕಂಪೆನಿಯ ಪೆಟ್ಟಿಗೆಯಲ್ಲಿ ಇಂಥ ಅಳತೆ ಇದೆ?

ಅಳತೆ ಆದ ಮೇಲೆ ಕಟಿಂಗ್. ಮೊದಲು ಬಟ್ಟೆಯ ಮೇಲೆ ಕತ್ತರಿ ಇಡುವುದಿಲ್ಲ, ಹಳೆಯ ದಿನಪತ್ರಿಕೆಯ ಮೇಲೆ. (ಈ ಪುರವಣಿಯೂ ಮುಂದಿನ ವಾರ ಯಾರದೋ ಬಾಡಿಯ ಅಚ್ಚಾಗಬಹುದು. ಆಗಲಿ, ಒಳ್ಳೆಯದೇ.) ಚಪ್ಪಟೆ ಕಾಗದದಿಂದ ಉಬ್ಬಿದ ಆಕಾರ ಬರಿಸುವುದು ಹೇಗೆ? ಕಿತ್ತಳೆಯ ಸಿಪ್ಪೆಯನ್ನು ಹರಿಯದೆ ಚಪ್ಪಟೆ ಮಾಡಲಾಗುವುದಿಲ್ಲ, ಹಾಗೆಯೇ ಚಪ್ಪಟೆಯದನ್ನು ಮಡಿಕೆ ಹಿಡಿಯದೆ ಉಬ್ಬಿಸಲೂ ಆಗುವುದಿಲ್ಲ. ತುಳುನಾಡಿನವರಿಗೆ ಇದು ಹೊಸ ವಿಷಯವಲ್ಲ. ಅಡಿಕೆಯ ಹಾಳೆಯನ್ನು ನೆನೆಸಿ, ಮಡಚಿ, ಹೊಲಿದು ತಲೆಯ ಆಕಾರಕ್ಕೆ ತರುವ ಮುಟ್ಟಾಳೆ ಇದೆಯಲ್ಲ, ಅದೇ ತತ್ವ. ದುಂಡನೆಯ ಕಾಗದದಿಂದ ಒಂದು ತ್ರಿಕೋನದ ಹೋಳನ್ನು ಕತ್ತರಿಸಿ ತೆಗೆದು ಅಂಚುಗಳನ್ನು ಕೂಡಿಸಿ ನೋಡಿ. ಕಾಗದ ಶಂಕುವಾಗಿ ಎದ್ದು ನಿಲ್ಲುತ್ತದೆ. ಹೋಳು ದೊಡ್ಡದಾದಷ್ಟು ಉಬ್ಬು ಹೆಚ್ಚು. ಟೈಲರುಗಳು ಇದಕ್ಕೆ 'ಡಾಟ್' ಎನ್ನುತ್ತಾರೆ. ಒಂದೇ ಡಾಟ್ ಹಾಕಿದರೆ ಮೊನೆ ಬರುತ್ತದೆ, ಎರಡು ಮೂರಾಗಿ ಹಂಚಿದರೆ ದುಂಡಾಗುತ್ತದೆ. 'ಕಟೋರಿ' ಕಟಿಂಗಿನ ರಹಸ್ಯವೂ ಇಷ್ಟೆ.

ಇನ್ನೊಂದು ಉಪಾಯ ಬಟ್ಟೆಯ ನೇಯ್ಗೆಯಲ್ಲೇ ಅಡಗಿದೆ. ನೂಲಿನ ನೇರಕ್ಕೆ ಎಳೆದರೆ ಬಟ್ಟೆ ಜಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದು ನೋಡಿ, ಚೌಕದ ನೇಯ್ಗೆ ವಾಲಿ ಬಟ್ಟೆ ಹಿಗ್ಗುತ್ತದೆ. ಆದ್ದರಿಂದ ಭಾರ ಹೊರುವ ಪಟ್ಟಿ ನೇರ ನೂಲಿನಲ್ಲಿ, ಮೈಗೆ ಒಗ್ಗಬೇಕಾದ ಕಪ್ 'ಕ್ರಾಸಿ'ನಲ್ಲಿ. ಇಲಾಸ್ಟಿಕ್ ಇಲ್ಲದ ಕಾಲದ ಬಾಡಿಗಳು ಮೈಗೆ ಒಪ್ಪಿ ಕೂರುತ್ತಿದ್ದುದು ಈ ಒಂದು ಓರೆಯ ಬಲದಿಂದ.

ಅಂದ ಹಾಗೆ ಪಶ್ಚಿಮದ ಬಾಡಿಯೂ ಮನೆಯಲ್ಲೇ ಹುಟ್ಟಿದ್ದು. ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎಂಬ ತರುಣಿ ಒಂದು ನೃತ್ಯಕೂಟಕ್ಕೆ ಹೊರಟಿದ್ದಳು. ತಿಮಿಂಗಿಲದ ಬಾಯಿಯ ಗಟ್ಟಿ ಪಟ್ಟಿಗಳನ್ನು ಹಾಕಿದ ಬಿಗಿಯಾದ ಕಾರ್ಸೆಟ್ ಅವಳ ತೆಳುವಾದ ಗೌನಿನ ಹೊರಗೆ ಇಣುಕುತ್ತಿತ್ತು. ಮನೆಗೆಲಸದವಳನ್ನು ಕರೆದು ಎರಡು ರೇಶ್ಮೆ ಕರವಸ್ತ್ರ, ಒಂದಿಷ್ಟು ರಿಬ್ಬನ್ನು, ಸೂಜಿ, ನೂಲು ತರಿಸಿದಳು. ಕೂಟದಲ್ಲಿ ಗೆಳತಿಯರು ತಮಗೂ ಬೇಕೆಂದರಂತೆ. 1914ರ ನವೆಂಬರಿನಲ್ಲಿ ಪೇಟೆಂಟು ಸಿಕ್ಕಿತು. ಆಮೇಲೆ ಅದನ್ನು ಒಂದು ಕಾರ್ಸೆಟ್ ಕಂಪೆನಿಗೆ 1500 ಡಾಲರಿಗೆ ಮಾರಿಬಿಟ್ಟಳು. ನೂಲು ಕೋಣೆಗೆ ತಂದುಕೊಟ್ಟ ಕೆಲಸದವಳಿಗೆ ಎಷ್ಟು ಸಿಕ್ಕಿತೆಂದು ಯಾರೂ ಬರೆದಂತಿಲ್ಲ.

ಅಕ್ಕನ ಮಗಳನ್ನು ಮೂಡುಬಿದಿರೆಗೆ ಕೊಟ್ಟದ್ದು. ಅಲ್ಲಿ ಮೊಮ್ಮಗಳಿಗೆ ಎಂಟನೇ ತರಗತಿಯಲ್ಲಿ ಈಜಿನ ಹುಚ್ಚು ಹತ್ತಿತು. ಬಸ್ಸು ಹಿಡಿದು ಮಂಗಳೂರಿಗೆ ಹೋಗಿ ಲೇಡಿಹಿಲ್ಲಿನ ಈಜುಕೊಳದಲ್ಲಿ ಅಭ್ಯಾಸ. ತಂಟೆ ಬಂದದ್ದು ಡ್ರೆಸ್ಸಿಗೆ. ಅಂಗಡಿಯ ಈಜುಡುಪು ತೊಡೆಯ ಮೇಲಕ್ಕೇ ನಿಲ್ಲುತ್ತದೆಂದು ತಂದೆಗೆ ಸಮ್ಮತವಿಲ್ಲ, ಚೂಡಿದಾರದಲ್ಲಿ ಕೊಳಕ್ಕೆ ಇಳಿಯಲು ಕೋಚಿನ ಒಪ್ಪಿಗೆಯಿಲ್ಲ. ಹುಡುಗಿ ಊಟ ಬಿಟ್ಟಳು. ಫೋನು ಬಂಟ್ವಾಳಕ್ಕೆ ಬಂತು.

ಅಕ್ಕ ಈಜು ಕಲಿತದ್ದು ಲಂಗದಲ್ಲಿ. ಒದ್ದೆ ಲಂಗವನ್ನು ಗಾಳಿ ತುಂಬಿಸಿ ನೀರಿಗೆ ಒತ್ತಿದರೆ ಬಲೂನಿನ ಹಾಗೆ ಉಬ್ಬಿ ತೇಲಿಸುತ್ತದೆ. ಬಟ್ಟೆಯ ಸಣ್ಣ ತೂತುಗಳನ್ನು ನೀರಿನ ಪೊರೆ ಮುಚ್ಚಿಬಿಡುವುದರಿಂದ ಗಾಳಿ ಬೇಗ ಹೊರಹೋಗುವುದಿಲ್ಲ. ಆಟಕ್ಕೆ ಅದು ಚೆಂದ, ಓಟದ ಈಜಿಗೆ ಅಲ್ಲ. ಮೊದಲು ಬನಿಯನ್ ಬಟ್ಟೆಯಲ್ಲಿ ಮೊಣಕಾಲಿನವರೆಗೆ ಬರುವ ಒಂದು ಉಡುಪು ಹೊಲಿದರು. ಹಂಡೆಯ ನೀರಲ್ಲಿ ಅದ್ದಿ ನೋಡಿದರೆ ಹತ್ತಿ ನೀರು ಕುಡಿದು ಭಾರವಾಗಿ, ಮೊಣಕಾಲಿನದು ಪಾದಕ್ಕೆ ಬಂತು! ಮಂಗಳೂರಿನಿಂದ ಈಜುಡುಪಿನದೇ ಬಟ್ಟೆ ತರಿಸಿದರು. ನೈಲಾನಿನ ಜೊತೆ ಸ್ಪ್ಯಾಂಡೆಕ್ಸ್ ಸೇರಿಸಿ ಹೆಣೆದ, ನಾಲ್ಕು ದಿಕ್ಕಿಗೂ ಜಗ್ಗುವ ಬಟ್ಟೆ. ಬೆಳ್ತಂಗಡಿಯ ಗುಡ್ಡಗಳಲ್ಲಿ ಬೆಳೆಯುವ ರಬ್ಬರಿಗೂ ಇದಕ್ಕೂ ಸಂಬಂಧವಿಲ್ಲ. 1958ರಲ್ಲಿ ಜೋಸೆಫ್ ಶಿವರ್ಸ್ ಎಂಬ ರಸಾಯನ ವಿಜ್ಞಾನಿ ಡುಪಾಂಟ್ ಕಂಪೆನಿಯಲ್ಲಿ ತಯಾರಿಸಿದ ಕೃತಕ ನೂಲು ಅದು.

ಹೊಲಿದಾಯಿತು. ಹುಡುಗಿ ತೊಟ್ಟು, ಖುಷಿಯಲ್ಲಿ ಬಗ್ಗಿ ಕಾಲ್ಬೆರಳು ಮುಟ್ಟಿದಳು. ಟಪ್, ಟಪ್, ಟಪ್! ಹೊಲಿಗೆ ಬೆನ್ನಿನುದ್ದಕ್ಕೂ ಬಿಟ್ಟುಕೊಂಡಿತು. ಬಟ್ಟೆ ಜಗ್ಗುತ್ತದೆ, ನೇರ ಹೊಲಿಗೆಯ ನೂಲು ಜಗ್ಗುವುದಿಲ್ಲ, ತುಂಡಾಗದೆ ಇನ್ನೇನಾಗುತ್ತದೆ? ಐವತ್ತು ವರ್ಷದ ಹಳೆಯ ಮಿಷನಿಗೆ ನೇರ ಹೊಲಿಗೆ ಬಿಟ್ಟು ಬೇರೆ ಗೊತ್ತಿಲ್ಲ. ಅಕ್ಕ ಅಷ್ಟೂ ಹೊಲಿಗೆ ಬಿಚ್ಚಿ, ಮೂಡುಬಿದಿರೆಯ ಒಬ್ಬ ಟೈಲರಿನ ಅಂಗಡಿಗೆ ಹೋಗಿ, ಅವರ ಜಿಗ್‌ಜಾಗ್ ಮಿಷನಿನಲ್ಲಿ ತಾವೇ ಕುಳಿತು ಹೊಲಿದರು. ಹಲ್ಲುಹಲ್ಲಾಗಿ ಓಡುವ ಆ ಹೊಲಿಗೆಯಲ್ಲಿ ನೂಲಿಗೆ ಬಿಡುವು ಇರುತ್ತದೆ, ಎಳೆದಾಗ ಹಲ್ಲು ನೇರವಾಗುತ್ತದೆ, ಬಿಟ್ಟಾಗ ಹಿಂದೆ ಬರುತ್ತದೆ. ಸೂಜಿಯೂ ಬೇರೆ. ತುದಿ ಚೂಪಾಗಿರದೆ ಸ್ವಲ್ಪ ಉರುಟಾದದ್ದು, ಹೆಣಿಗೆಯ ಕುಣಿಕೆಗಳನ್ನು ಕತ್ತರಿಸದೆ ಸರಿಸಿಕೊಂಡು ಇಳಿಯುತ್ತದೆ. ಕೊಳದ ಕ್ಲೋರಿನ್ ಆ ನೂಲನ್ನು ತಿನ್ನುತ್ತದಾದ್ದರಿಂದ ಪ್ರತಿ ಸಲವೂ ಒಳ್ಳೆಯ ನೀರಲ್ಲಿ ಜಾಲಾಡಬೇಕೆಂದು ತಾಕೀತೂ ಆಯಿತು.

ಮೊಣಕೈವರೆಗೆ ತೋಳು, ಮೊಣಕಾಲಿನವರೆಗೆ ಕಾಲು. ತಂದೆ ಒಮ್ಮೆ ನೋಡಿ ಪೇಪರು ಓದಲು ಹೋದರು. ಅದೇ ಒಪ್ಪಿಗೆ. ಸ್ಪರ್ಧೆಯಲ್ಲಿ ಹುಡುಗಿಗೆ ನಾಲ್ಕನೇ ಸ್ಥಾನ. ಗೋಡೆ ಮುಟ್ಟಿ ತಿರುಗುವಾಗ ತಡವಾಯಿತು ಎಂದು ಬಯ್ದುಕೊಂಡಳೇ ಹೊರತು ಡ್ರೆಸ್ಸಿನ ಮಾತು ಎತ್ತಲಿಲ್ಲ. ಅಕ್ಕನಿಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಾಗಿರಲಿಲ್ಲ.

ಒಳಬಟ್ಟೆಗೆ ಮಾತ್ರ ಈ ಜಗ್ಗುವ ನೈಲಾನು ಬೇಡವೆಂದು ಅಕ್ಕನ ಹಟ. ಅದರಲ್ಲಿ ಹುರುಳಿದೆ. ಗಾಳಿಯ ತೇವವನ್ನು ಹತ್ತಿ ತನ್ನ ತೂಕದ ನೂರಕ್ಕೆ ಎಂಟರಷ್ಟು ಹೀರಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರಿಗೆ ನೂರಕ್ಕೆ ಅರ್ಧವೂ ಇಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ, ಉಳಿದ ದಿನ ಬೆವರು ಸುರಿಯುವ ಈ ಜಿಲ್ಲೆಯಲ್ಲಿ ಬೆವರು ಹೀರದ ಬಟ್ಟೆ ಮೈಗೆ ಅಂಟಿದರೆ ಗಜಕರ್ಣಕ್ಕೆ ಆಮಂತ್ರಣ ಕೊಟ್ಟ ಹಾಗೆ. ಅದರ ಶಿಲೀಂಧ್ರಕ್ಕೆ ಬೇಕಾದದ್ದು ಬಿಸಿ, ತೇವ, ಕತ್ತಲೆ. ಬೈರಾಸಿನ ಅಡಿಯಲ್ಲಿ ಈ ಮೂರೂ ಇವೆ. ಡಾಕ್ಟರು ಕೊಟ್ಟ ಮುಲಾಮು ಹಚ್ಚಿ, ಅರ್ಧ ಒಣಗಿದ ಅದೇ ಬಟ್ಟೆ ತೊಟ್ಟು, ಮುಲಾಮು ಸರಿಯಿಲ್ಲ ಎನ್ನುವವರಿಗೆ ಏನು ಹೇಳುವುದು?

ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. ಧರ್ಮಸ್ಥಳದವರೂ ಎರಡು ಬ್ಯಾಂಕುಗಳೂ ಸೇರಿ 1982ರಲ್ಲಿ ಶುರು ಮಾಡಿದ್ದು. ಅಲ್ಲಿ ಹೊಲಿಗೆ ಕಲಿತು ಮನೆ ನಡೆಸುತ್ತಿರುವ ಹೆಂಗಸರು ಬೆಳ್ತಂಗಡಿ ತಾಲೂಕಿನ ಹಳ್ಳಿಹಳ್ಳಿಯಲ್ಲಿದ್ದಾರೆ. ಅಂಥವರೊಬ್ಬರು ಕೆಲವು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಕ್ಕನ ಮನೆಗೆ ಬಂದರು. ನಲವತ್ತೈದರ ಪ್ರಾಯ. ಸೆರಗನ್ನು ಎರಡು ಸುತ್ತು ಹೊದ್ದಿದ್ದರು. ಬೆಲ್ಲ, ನೀರು ಕೊಟ್ಟದ್ದಾಯಿತು. ಮಳೆಯ ವಿಷಯ, ಅಡಿಕೆಯ ಕೊಳೆರೋಗದ ವಿಷಯ ಮಾತಾಡಿದ್ದಾಯಿತು. ಎದ್ದು ಹೋಗುವವರ ಹಾಗೆ ಎದ್ದು, ಬಾಗಿಲ ಹತ್ತಿರ ನಿಂತು ಕೇಳಿದರು.

"ಅಕ್ಕ, ನನಗೊಂದು ಬಾಡಿ ಹೊಲಿದು ಕೊಡ್ಲಿಕ್ಕೆ ಆಗ್ತದಾ? ಒಂದೇ ಬದಿಯದ್ದು."

ಅಕ್ಕನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಬಾಗಿಲು ಹಾಕಿ ಬಂದರು.

ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಏಳು ತಿಂಗಳಾಗಿತ್ತು. ಕ್ಯಾನ್ಸರು. ಎಡಬದಿ ಪೂರ್ತಿ ತೆಗೆದಿದ್ದರು. ಗಾಯ ಒಣಗಿತ್ತು, ಕೂದಲೂ ಬರತೊಡಗಿತ್ತು. ಸಿಲಿಕೋನಿನದು ಸಿಕ್ಕುತ್ತದೆಂದು ಅಲ್ಲಿ ಹೇಳಿದ್ದರು, ಕ್ರಯ ಕೇಳಿ ಇವರು ಸುಮ್ಮನಾದರು. ಖಾಲಿ ಕಪ್ಪಿಗೆ ಕರವಸ್ತ್ರ ಮಡಚಿ ಇಟ್ಟರೆ ಕೈ ಎತ್ತಿದಾಗ ಕುತ್ತಿಗೆಗೆ ಬರುತ್ತದೆ. ಹೀಗಾಗಿ ಮದುವೆ, ಭೂತದ ಕೋಲ, ಸಂಘದ ಮೀಟಿಂಗು ಎಲ್ಲ ಬಿಟ್ಟು ಮನೆಯೊಳಗೆ ಕುಳಿತಿದ್ದರು. ಇಪ್ಪತ್ತು ವರ್ಷ ಊರವರಿಗೆಲ್ಲ ರವಕೆ ಹೊಲಿದ ಕೈ. "ನನಗೆ ನಾನೇ ಅಳತೆ ತೆಗೀಲಿಕ್ಕೆ ಕೈ ಬರುವುದಿಲ್ಲ ಅಕ್ಕ. ಟೇಪು ಹಿಡಿದರೆ ಕಣ್ಣು ಮುಚ್ಚಿ ಹೋಗ್ತದೆ" ಎಂದರು.

ಅಕ್ಕ ಅಳತೆ ತೆಗೆದರು, ಎಲ್ಲರಿಗೂ ತೆಗೆಯುವಂತೆ. ಉಸಿರು ಬಿಡಿ ಎಂದರು, ಉಸಿರು ತುಂಬಿಸಿ ಎಂದರು.

ಇಂಥ ಬಟ್ಟೆಯಲ್ಲಿ ಆಕಾರಕ್ಕಿಂತ ದೊಡ್ಡ ಪ್ರಶ್ನೆ ತೂಕದ್ದು. ಒಂದು ಬದಿಯಲ್ಲಿ ಭಾರ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ತಕ್ಕಡಿಯ ಹಾಗೆ ಮೈ ಒಂದು ಕಡೆ ವಾಲುತ್ತದೆ. ಹೆಗಲು ಏರುಪೇರಾಗಿ ಕುತ್ತಿಗೆ, ಬೆನ್ನು ನೋಯುತ್ತದೆ. ದಿನವಿಡೀ ಮಿಷನು ತುಳಿಯುವವರಿಗೆ ಇದು ಸಣ್ಣ ವಿಷಯವಲ್ಲ. ಬರಿಯ ಹತ್ತಿ ತುಂಬಿಸಿದರೆ ಹಗುರ, ಮೇಲೆ ಸರಿಯುತ್ತದೆ. ಅಕ್ಕ ಮೆತ್ತನೆಯ ಮಲ್ ಬಟ್ಟೆಯಲ್ಲಿ ಒಂದು ಸಣ್ಣ ಚೀಲ ಹೊಲಿದು, ಮೈಯ ಬದಿಗೆ ಹತ್ತಿ, ನಡುವೆ ಸಾಸಿವೆಯ ಪುಟ್ಟ ಗಂಟು ಇಟ್ಟು, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರು. ಬಾಡಿಯ ಎಡ ಕಪ್ಪಿಗೆ ಒಳಗಿನಿಂದ ಒಂದು ಪೊಟ್ಟಣದಂಥ ಕಿಸೆ. ಚೀಲವನ್ನು ಅದರೊಳಗೆ ತುರುಕುವುದು, ಒಗೆಯುವಾಗ ತೆಗೆಯುವುದು. ಗಾಯದ ಗೆರೆ ಬರುವಲ್ಲಿ ಹೊಲಿಗೆಯ ಅಂಚು ಬೀಳದ ಹಾಗೆ ಮಡಿಕೆಯನ್ನು ಹೊರಬದಿಗೆ ತಿರುಗಿಸಿದರು. ಹೆಗಲ ಪಟ್ಟಿ ಬೆರಳಗಲ ಇದ್ದದ್ದು ಎರಡು ಬೆರಳಾಯಿತು. ಹುಕ್ಕು ಹಿಂದಿನಿಂದ ಮುಂದಕ್ಕೆ ಬಂತು, ಆಪರೇಷನ್ ಆದ ಬದಿಯ ಕೈ ಬೆನ್ನಿಗೆ ತಿರುಗುವುದು ಕಷ್ಟ. ತೂಕ ಎಷ್ಟಿರಬೇಕೆಂದು ಮೊದಲೇ ಡಾಕ್ಟರ ಹತ್ತಿರ ಕೇಳಿ ಬರಲು ಹೇಳಿದ್ದರು. ಮೊದಲು ಸ್ವಲ್ಪ ಕಡಿಮೆಯಿಂದ ಶುರು ಮಾಡಿ ಎಂದು ಅವರು ಅಂದರಂತೆ.

ಮೊದಲನೆಯದು ಪೂರ್ತಿ ಗೆಲ್ಲಲಿಲ್ಲ. ಆಟಿಯ ತೇವಕ್ಕೆ ಸಾಸಿವೆ ಮುಗ್ಗಿತು. "ಇನ್ನೆರಡು ದಿನ ಬಿಟ್ಟರೆ ಮೊಳಕೆ ಬರುತ್ತಿತ್ತು" ಎಂದು ಬೆಳ್ತಂಗಡಿಯವರೇ ನಕ್ಕರು. ಆ ಮನೆಯಲ್ಲಿ ಅವರು ನಕ್ಕದ್ದು ಅದೇ ಮೊದಲು. ಎರಡನೆಯದಕ್ಕೆ ಸಾಸಿವೆಯ ಬದಲು ಫ್ಯಾನ್ಸಿ ಅಂಗಡಿಯ ಸಣ್ಣ ಪ್ಲಾಸ್ಟಿಕ್ ಮಣಿಗಳು ಬಂದವು. ಒಗೆಯಬಹುದು, ಮುಗ್ಗುವುದಿಲ್ಲ. ಮೂರನೆಯದನ್ನು ಕತ್ತರಿಸುವಾಗ ಅಕ್ಕ ಬೇಕೆಂದೇ ಕತ್ತರಿಯನ್ನು ಅವರ ಕೈಗೆ ಕೊಟ್ಟು, ಹಾಲು ಇಡಲಿಕ್ಕಿದೆ ಎಂದು ಒಳಗೆ ಹೋದರು. ಚಹಾ ಕುದಿಸಿ ತರುವಷ್ಟರಲ್ಲಿ ಪೇಪರಿನ ಅಚ್ಚು ಕತ್ತರಿಸಿಯಾಗಿತ್ತು.

ಆ ಮೇಲೆ ಬಹಳ ದಿನ ಸುದ್ದಿ ಇರಲಿಲ್ಲ. ಸುದ್ದಿ ಇಲ್ಲದಿದ್ದರೆ ಇಂಥ ಕಾಯಿಲೆಯಲ್ಲಿ ಮನಸ್ಸು ಕೆಟ್ಟದ್ದನ್ನೇ ಎಣಿಸುತ್ತದೆ. ಅಕ್ಕ ಫೋನು ಕೈಗೆತ್ತಿ ಕೆಳಗಿಟ್ಟದ್ದು ಎಷ್ಟು ಸಲವೋ. ಮುಂದಿನ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಅಲ್ಲಿಂದಲೇ ಫೋನು ಬಂತು. ಮಿಷನಿನ ಸದ್ದಿನ ನಡುವೆಯೇ ಮಾತು.

"ಅಕ್ಕ, ನಿಮ್ಮ ಅಚ್ಚು ಈಗ ಆಗುವುದಿಲ್ಲ ಮಾರಾಯ್ರೆ. ನಾನೇ ಟೇಪು ಹಿಡಿದು ನೋಡಿದೆ. ಪಕ್ಕೆಯಲ್ಲಿ ಎರಡು ಇಂಚು ಹೆಚ್ಚು ಇಡಬೇಕಾಯ್ತು. ದಪ್ಪ ಆಗಿದ್ದೇನೆ!"